ಕೊಯ್ಯದೆ ಬಿಟ್ಟ ಮಲ್ಲಿಗೆ

ಇನ್ನಂಜೆ

ಪ್ರೀತಿಯ ವಾರಿಜ,

ಊರಿನವರ ಬಾಯಲ್ಲಿ ನಾವು ಓರಗಿತ್ತಿಯರು. ನನಗೆ ನೀನು ತಂಗಿ. ಕ್ಷೇಮವಾ? ಉಬ್ಬಸ ಈಗ ಇಲ್ಲ ಅಲ್ವಾ? ಅಲ್ಲಿ ಕಮಲತ್ತೆಯ ಕೆಮ್ಮು ಹೇಗುಂಟು? ಶೀನ ಮಾವ ಈಗಲೂ ಚಹಾ ತಣ್ಣಗಾಯಿತೆಂದು ಗೊಣಗುತ್ತಾರಾ? ಇಲ್ಲಿ ನಿನ್ನ ಗಂಡ ಭಾಸ್ಕರ ಗಂಜಿಯ ಬಟ್ಟಲಿನ ಮುಂದೆ ಕೂರುತ್ತಾನೆ. ಬಡಿಸುವಾಗ ಮಾತ್ರ ಬಾಯಿ ತೆರೆಯುತ್ತಾನೆ, ಅದೂ ‘ಸಾಕು’ ಎನ್ನಲು.

ನಿನ್ನ ಉತ್ತರಕ್ರಿಯೆ, ಬೊಜ್ಜದ ಊಟ ಎಲ್ಲ ಮುಗಿದು ಸೂತಕ ಕಳೆಯಿತು. ಯಾರ ಮುಖ ನೋಡಿಯೂ ಹೇಳಲಾಗದ ಮಾತೊಂದುಂಟು. ನಿನಗೇ ಹೇಳಬೇಕು.

ಕಳೆದ ವರ್ಷ ಇದೇ ಮಾಯಿ ತಿಂಗಳು, ಚಳಿ ಬಿಡುವ ಹೊತ್ತು, ನಸುಕಿನಲ್ಲಿ ಇಬ್ಬರೂ ಮೊಗ್ಗು ಕೊಯ್ಯುತ್ತಿದ್ದೆವು. ನೀನು ಕೈ ನಿಲ್ಲಿಸಿ, “ಅಕ್ಕ, ಇಷ್ಟು ವರ್ಷ ಮಲ್ಲಿಗೆ ಬೆಳೆಸಿದೆವು, ಗಿಡದಲ್ಲಿ ಅರಳಿದ್ದನ್ನು ನಾವು ನೋಡಿದ್ದುಂಟಾ? ಒಂದು ದಿನ ಕೊಯ್ಯದೆ ಬಿಡುವಾ?” ಎಂದೆ. ನಿಜವೇ. ಮೊಗ್ಗಾಗಿರುವಾಗಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಕಟ್ಟೆಗೆ ಮಾರಲು ಕಳಿಸಿದರೆ ಅದು ಅರಳುವುದು ಬೇರೆ ಯಾರದೋ ಮುಡಿಯಲ್ಲಿ. ನಾನು ನಕ್ಕುಬಿಟ್ಟೆ. “ಮರುಳಾ ನಿನಗೆ? ನೋಡಿದರೆ ಹೊಟ್ಟೆ ತುಂಬುತ್ತದಾ ಮಾರಾಯ್ತಿ, ಬೇಗ ಕೊಯ್ಯಿ.”

ನೀನು ಹೋದ ದಿನ ಯಾರೂ ಕೊಯ್ಯಲಿಲ್ಲ. ಸೂತಕದ ಮನೆಯ ಹೂವು ದೇವರಿಗೂ ಆಗದು, ಮುಡಿಗೂ ಆಗದು. ಮರುದಿನ ಬೆಳಿಗ್ಗೆ ನಿನ್ನ ಹಾಸಿಗೆಯ ಬಟ್ಟೆ ಒಗೆಯಲೆಂದು ಹಿತ್ತಿಲಿಗೆ ಹೋದವಳು ಅಲ್ಲೇ ನಿಂತೆ. ವಾರಿಜ, ಹೇಗೆ ಹೇಳಲಿ... ಹಿತ್ತಿಲಿಡೀ ಬೆಳ್ಳಗೆ. ಎಲೆಯೇ ಕಾಣದು. ಜೇನುಹುಳ ತುಂಬಿ ಗಿಡವೇ ಗುಂಯ್ ಎನ್ನುತ್ತಿತ್ತು. ಗದ್ದೆಯಂಚಿನಲ್ಲಿ ನಿನ್ನ ಚಿತೆಯ ಬೂದಿ ಇನ್ನೂ ಬಿಸಿಯಿತ್ತು, ಇಲ್ಲಿ ನನಗೆ ಹೂವು ನೋಡಿ ಸಂತೋಷವಾಯಿತು. ಎಂತಹ ಹೆಂಗಸು ನಾನು?

ಅಲ್ಲಿಗೇ ಮುಗಿಯಲಿಲ್ಲ. ನೆರೆಮನೆಯ ಐರಿನ್ ಬಂದು, “ನಮಗೆಂತ ಸೂತಕ ಅಕ್ಕ? ನಾನು ಕೊಯ್ಯುತ್ತೇನೆ. ಗಿಡದಲ್ಲೇ ಬಾಡಲು ಬಿಟ್ಟರೆ ಮುಂದೆ ಮೊಗ್ಗು ಕಡಿಮೆ ಅಲ್ವಾ?” ಎಂದಳು. ನಾನು ಬೇಡ ಎಂದೆ. ವಾರಿಜ ಮುಟ್ಟಿದ ಗಿಡವನ್ನು ಬೇರೆಯವರಿಂದ ಮುಟ್ಟಿಸಲು ಅಕ್ಕನಿಗೆ ಮನಸ್ಸು ಬರುವುದಿಲ್ಲ ಎಂದು ಅವಳು ಕಣ್ಣೊರೆಸಿಕೊಂಡು ಊರಿಗೆಲ್ಲ ಹೇಳಿದಳು. ಬೊಜ್ಜಕ್ಕೆ ಬಂದವರು ನನ್ನ ಕೈ ಹಿಡಿದು ಅದನ್ನೇ ಹೊಗಳಿದರು. ನಾಚಿಕೆಯಿಂದ ತಲೆ ತಗ್ಗಿಸಿದೆ. ಅದನ್ನೂ ದುಃಖವೆಂದೇ ತಿಳಿದರು. ನನಗೆ ಬೇಕಿದ್ದದ್ದು ಮರುದಿನವೂ ನೋಡುವುದು, ಅಷ್ಟೆ. ನೀನು ಕೇಳಿದ ಒಂದೇ ಒಂದು ಬೆಳಗನ್ನು ನಿನಗೆ ಕೊಡದೆ, ನಾನೊಬ್ಬಳೇ...

ನಿನ್ನೆ ಮತ್ತೆ ಕೊಯ್ಯಲು ಇಳಿದೆ. ಬಾವಿಕಟ್ಟೆಯ ಹತ್ತಿರ ನೀನು ನೆಟ್ಟ ಗಿಡವನ್ನು ಮಾತ್ರ ಮುಟ್ಟಲಿಲ್ಲ. ಭಾಸ್ಕರ ನೋಡಿ, “ಅತ್ತಿಗೆ, ಒಂದು ಗಿಡ ಬಿಟ್ಟುಹೋಯಿತಲ್ಲ?” ಎಂದ. ‘ಸಾಕು’ ಬಿಟ್ಟರೆ ಅವನಾಡಿದ ಮೊದಲ ಮಾತು. ಬಿಟ್ಟುಹೋದದ್ದಲ್ಲ, ಅದು ವಾರಿಜನದ್ದು ಎಂದೆ. ಇವತ್ತು ಬೆಳಿಗ್ಗೆ ನೋಡಿದರೆ, ಅರಳಿದ ಗಿಡದ ಎದುರು ಚಹಾ ಲೋಟ ಹಿಡಿದು ಕೂತಿದ್ದ. ಚಹಾ ತಣ್ಣಗಾಗಿತ್ತು. ಅಪ್ಪ ಶೀನ ಮಾವನ ಹಾಗೆ ಗೊಣಗಲಿಲ್ಲ.

ನಾನಿರುವವರೆಗೆ ಆ ಗಿಡಕ್ಕೆ ಯಾರೂ ಕೈ ಹಾಕುವುದಿಲ್ಲ.

ಇದನ್ನು ಓದಿ ನಗುತ್ತೀಯೋ, ಬೈಯುತ್ತೀಯೋ? ಬೈದರೂ ಸರಿ, ಬೇಗ ಬರೆ.

ನಿನ್ನ ಅಕ್ಕ