ಮಾರಾಟವಾಗದ ಕಾರುಗಳ ಬಾಣಂತನ

ಮಾನ್ಯ ಆಡಳಿತ ನಿರ್ದೇಶಕರೇ,

ಕೆಲಸಕ್ಕೆ ಬರುವ ತಾಯಂದಿರು ಮಕ್ಕಳನ್ನು ಬಿಡುತ್ತಿದ್ದ ನಮ್ಮ ಕಾರ್ಖಾನೆಯ ಮಕ್ಕಳ ಮನೆಗೆ ಬೀಗ ಹಾಕಿ, ಅದರ ಅಂಗಳದಲ್ಲಿ ನೀವು ಮಾರಾಟವಾಗದ ಕಾರುಗಳನ್ನು ನಿಲ್ಲಿಸಿದ್ದೀರಿ. ಕಾರುಗಳನ್ನು ತೆಗೆಸಿ, ಬೀಗವನ್ನೂ ತೆಗೆಸಿ. ಹೇಳಬೇಕಾದದ್ದು ಇಷ್ಟೇ. ಇಲ್ಲಿಗೇ ನಿಲ್ಲಿಸಿ ಮಲಗಬಹುದಿತ್ತು, ನಿದ್ದೆ ಬರುವ ಹಾಗಿದ್ದರೆ. ಆದರೆ ಇದೇ ಮಾತನ್ನು ಸಿಬ್ಬಂದಿ ವಿಭಾಗಕ್ಕೆ ಬರೆದುಕೊಟ್ಟಾಗ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಪರಿಶೀಲನೆ ಮುಗಿಯುವಷ್ಟರಲ್ಲಿ ನನ್ನ ಮಗಳು ಕಾಲೇಜು ಮೆಟ್ಟಿಲು ಹತ್ತಿಬಿಟ್ಟಾಳು ಎಂಬ ಭಯಕ್ಕೆ, ನಾಲ್ಕು ಜನ ಓದುವ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಈಗ ನಿಮ್ಮ ಕಚೇರಿಯಿಂದ ನನಗೇ ಒಂದು ನೋಟಿಸು ಬಂದಿದೆ. ಅದರ ಉತ್ತರವೂ ಇದರೊಳಗೇ ಇದೆ, ಹುಡುಕಿಕೊಳ್ಳಬೇಕಾಗಿ ವಿನಂತಿ.

ನಾನು ಸೀಟು ಹೊಲಿಗೆ ವಿಭಾಗದವಳು. ವಾಣಿಜ್ಯ ಪದವಿ ಓದಿಕೊಂಡಿದ್ದೇನೆ. ಹಾಗಾಗಿ ಕಂಪನಿಯ ವಾರ್ಷಿಕ ವರದಿ ಕೈಗೆ ಸಿಕ್ಕರೆ ಅರ್ಥವಾಗುತ್ತದೆ, ಅರ್ಥವಾದರೆ ನಿದ್ದೆ ಹಾರಿಹೋಗುತ್ತದೆ. ನಾವು ಮಾಡುವ ಕಾರನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ಅದು ಸಮುದ್ರದಾಚೆಯ ಸಿರಿವಂತರಿಗೆಂದೇ ಮಾಡಿದ್ದು. ಅದರ ಸ್ಟೀರಿಂಗ್ ಕೂಡ ನಮ್ಮ ರಸ್ತೆಗೆ ಒಗ್ಗದ ಕಡೆಗಿದೆ. ಆ ಸಿರಿವಂತರಿಗೆ ಈಗ ನಮ್ಮ ಕಾರು ಬೇಡವಾಗಿದೆ. ಅಲ್ಲಿಯವರು ತಮ್ಮದೇ ಕಾರು ಮಾಡಿಕೊಳ್ಳುತ್ತಿದ್ದಾರಂತೆ, ಅದು ಸದ್ದಿಲ್ಲದೆ ಓಡುತ್ತದಂತೆ, ಬೆಲೆಯೂ ಕಡಿಮೆಯಂತೆ. ಅಲ್ಲಿನ ಸರಕಾರ ಹೊರಗಿನ ಕಾರಿಗೆ ಸುಂಕ ಏರಿಸಿದೆ. ಅಪ್ಪ ಹೆಮ್ಮೆಯಿಂದ ಕೊಂಡ ಕಾರನ್ನು ಮಗ ಹತ್ತಲು ನಾಚುತ್ತಾನೆ. ಇದಕ್ಕೆಲ್ಲ ನೀವೇ ಕಾರಣ ಎಂದು ನಾನು ಹೇಳುವುದಿಲ್ಲ. ಪರದೇಶದ ಮಗನ ನಾಚಿಕೆಗೆ ಇಲ್ಲಿ ಕುಳಿತ ನೀವಾದರೂ ಏನು ಮಾಡಲಾದೀತು? ನನ್ನ ತಕರಾರು ಆ ನಾಚಿಕೆಯ ಬೆಲೆಯನ್ನು ಯಾರಿಂದ ವಸೂಲು ಮಾಡುತ್ತಿದ್ದೀರಿ ಎಂಬುದರ ಬಗ್ಗೆ ಮಾತ್ರ.

ನಮ್ಮನ್ನೆಲ್ಲ ಊಟದ ಹಾಲಿನಲ್ಲಿ ಸೇರಿಸಿ ನೀವು ಮಾಡಿದ ಭಾಷಣ ನೆನಪಿದೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ 'ಭವಿಷ್ಯದ ದಾರಿ' ಎಂಬ ಅಕ್ಷರಗಳು ಮಂಜಿನೊಳಗಿಂದ ಬಂದವು. ಇನ್ನು ಮುಂದೆ ಕಡಿಮೆ ಕಾರು ಮಾಡುತ್ತೇವೆ, ಬೆಲೆ ಹೆಚ್ಚಿಸುತ್ತೇವೆ, ಕೆಲವೇ ಕೆಲವರಿಗೆ ಮಾತ್ರ ಎಟಕುವ ಹಾಗೆ ಮಾಡುತ್ತೇವೆ, ಆಗ ಎಲ್ಲರೂ ಬಯಸುತ್ತಾರೆ ಎಂದಿರಿ. ನನ್ನ ಪಕ್ಕದಲ್ಲಿದ್ದ ಹೊಲಿಗೆಯ ಅಕ್ಕ ನನ್ನ ಕಿವಿಯ ಹತ್ತಿರ ಬಂದು, "ಅಂಗಡಿಗೆ ಗಿರಾಕಿ ಬರ್ತಿಲ್ಲ ಅಂತ ಯಾರಾದ್ರೂ ಬಾಗಿಲನ್ನ ಇನ್ನೂ ಕಿರಿದು ಮಾಡಿಸ್ತಾರೇನೇ?" ಎಂದು ಕೇಳಿದರು. ನಾನು ಪದವೀಧರೆ, ಉತ್ತರ ಗೊತ್ತಿರಬೇಕಿತ್ತು. ಕೊನೆಯಲ್ಲಿ ನೀವು ಎದೆಯ ಮೇಲೆ ಕೈಯಿಟ್ಟು "ನಾವೆಲ್ಲ ಒಂದೇ ಕುಟುಂಬ" ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ಅದರ ಮುಂದಿನ ವಾರವೇ ಖರ್ಚು ಕಡಿತದ ಮೊದಲ ಸುತ್ತಿನಲ್ಲಿ ಮಕ್ಕಳ ಮನೆ ಮುಚ್ಚಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರೆ. ನೀವು ಎಮ್ಮೆಯನ್ನೂ ಬಿಟ್ಟು ಕರುವನ್ನು ಹುಡುಕಿದಿರಿ.

ಆ ಅಂಗಳವನ್ನು ನೀವು ಹತ್ತಿರದಿಂದ ನೋಡಿರಲಾರಿರಿ, ನಾನೇ ಹೇಳುತ್ತೇನೆ. ಮರಳಿನ ಗುಂಡಿಯ ಮೇಲೆ ಕಾಂಕ್ರೀಟು ಬಿದ್ದಿದೆ. ಜಾರುಬಂಡೆ ಗೋದಾಮಿನ ಹಿಂದೆ ಅಡ್ಡ ಮಲಗಿದೆ. ಉಯ್ಯಾಲೆಯನ್ನು ಬಿಚ್ಚಿದ್ದಾರೆ, ಅದರ ಕಬ್ಬಿಣದ ಕಂಬ ಮಾತ್ರ ನೆಲದೊಳಗೆ ಭದ್ರವಾಗಿ ಕೂತಿದ್ದರಿಂದ ಕೀಳಲಾಗಿಲ್ಲ. ಈ ಕಂಬಕ್ಕೆ ಮಕ್ಕಳು ಓಡಿಬಂದು ತಲೆ ಬಡಿದುಕೊಳ್ಳುತ್ತವೆ, ಸುತ್ತ ಏನಾದರೂ ಮೆತ್ತನೆಯದು ಕಟ್ಟಿಸಿ ಎಂದು ನಾವು ತಾಯಂದಿರು ಕೇಳಿ ಕೇಳಿ ಸುಸ್ತಾಗಿದ್ದೆವು. ಆಗ ಅದಕ್ಕೆ ಅನುದಾನವಿರಲಿಲ್ಲ. ಮಕ್ಕಳು ಹೋಗಿ ಕಾರು ಬಂದ ದಿನವೇ ಕಂಬಕ್ಕೆ ಬುಡದಿಂದ ಎದೆಮಟ್ಟದವರೆಗೆ ದಪ್ಪನೆಯ ಸ್ಪಂಜು ಸುತ್ತಿದರು, ಬಾಗಿಲು ತೆಗೆಯುವಾಗ ಕಾರಿಗೆ ಗೀರು ಬೀಳಬಾರದಲ್ಲ. ಮಾನ್ಯರೇ, ನಾನು ಅಳುವವಳಲ್ಲ. ಆ ಸ್ಪಂಜನ್ನು ಒಮ್ಮೆ ಒತ್ತಿ ನೋಡಿದೆ. ತುಂಬ ಒಳ್ಳೆಯ ಸ್ಪಂಜು.

ಮಕ್ಕಳ ಮನೆಯ ಆಯಾ ಅವರನ್ನು ನೀವು ಕೆಲಸದಿಂದ ತೆಗೆಯಲಿಲ್ಲ, ಅದನ್ನು ನ್ಯಾಯವಾಗಿ ಒಪ್ಪುತ್ತೇನೆ. ಮಕ್ಕಳ ಮೂಗು ಒರೆಸುತ್ತಿದ್ದ ಅದೇ ಅಂಗಳದಲ್ಲಿ ಅವರೀಗ ಕಾರಿನ ಗಾಜು ಒರೆಸುತ್ತಾರೆ. ಹೇಗಿದೆ ಎಂದು ಕೇಳಿದೆ. "ಇವುಕ್ಕೆ ಚಡ್ಡಿ ಬದಲಾಯಿಸೋ ಕೆಲ್ಸ ಇಲ್ಲ ಕಣಮ್ಮ, ಅದೊಂದು ಪುಣ್ಯ," ಎಂದರು, ಬಟ್ಟೆ ಹಿಂಡುತ್ತಾ. ಚಡ್ಡಿಯೊಂದು ಬಿಟ್ಟರೆ ಉಳಿದ ಉಪಚಾರಕ್ಕೆ ಕೊರತೆಯಿಲ್ಲ. ನಿಂತ ಕಾರು ಕೆಡುತ್ತದೆ. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ, ಬ್ಯಾಟರಿ ಸಾಯುತ್ತದೆ, ಚರ್ಮದ ಸೀಟು ಬಿರುಕು ಬಿಡುತ್ತದೆ. ಆದ್ದರಿಂದ ಪ್ರತಿ ಕಾರಿಗೂ ಬಿಸಿಲು ತಾಗದ ಹೊದಿಕೆ, ಬ್ಯಾಟರಿಗೆ ಆಗಾಗ ಚಾರ್ಜು, ಸೀಟಿಗೆ ಮುಲಾಮು, ವಾರಕ್ಕೊಮ್ಮೆ ಅಂಗಳದ ಸುತ್ತ ಒಂದು ನಡಿಗೆ. ಇದನ್ನೆಲ್ಲ ನಮ್ಮ ಅತ್ತೆಗೆ ಹೇಳಿದಾಗ ಅವರು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿ, "ಅಯ್ಯೋ, ಕಾರಿಗೆ ಬಾಣಂತನ ಮಾಡ್ತಿದಾರಾ? ನಿನಗೆ ನಾನು ಇಷ್ಟು ಮಾಡ್ಲಿಲ್ವಲ್ಲೇ," ಎಂದರು. ಪಾಪ, ಅವರಿಗೆ ಬಿಡುವಾದರೂ ಎಲ್ಲಿತ್ತು? ಅವರು ಇನ್ನೊಬ್ಬರ ಮನೆಯ ಅವಳಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾರೆ. ಸ್ವಂತ ಮೊಮ್ಮಗಳನ್ನು ನೋಡಿಕೊಳ್ಳಲು ಅವರಿಗೆ ಭಾನುವಾರ ಮಾತ್ರ ಸಾಧ್ಯ. ನನ್ನ ಗಂಡನನ್ನು ನೀವು ಬಂದರಿನ ಅಂಗಳಕ್ಕೆ ಹಾಕಿದ್ದೀರಿ, ಹಡಗು ಹತ್ತದ ಕಾರುಗಳ ಕಾವಲಿಗೆ. ಅವರೂ ಭಾನುವಾರದವರೇ. ಹೀಗೆ ನಮ್ಮ ಮನೆಯಲ್ಲಿ ಎಲ್ಲರೂ ಯಾರದ್ದೋ ಮಕ್ಕಳನ್ನು, ಯಾರದ್ದೋ ಕಾರನ್ನು ಸಾಕುತ್ತಿದ್ದೇವೆ. ನಮ್ಮದೊಂದು ಮಗು ಮಾತ್ರ ವಾರವಿಡೀ ಯಾರಿಗೂ ಸೇರಿದ್ದಲ್ಲ.

ಕಾರನ್ನು ನಡೆಸುವ ಆ ಕೆಲಸಕ್ಕೆ ಕಾರ್ಖಾನೆಯಲ್ಲಿ 'ಮೇಯಿಸೋದು' ಎನ್ನುತ್ತಾರೆ. "ಇವತ್ತು ಮೇಯ್ಸೋಕೆ ಯಾರು?" ಎಂದು ನಮ್ಮ ಸೂಪರ್‌ವೈಸರ್ ಬೆಳಿಗ್ಗೆ ಕೂಗುತ್ತಾರೆ. ಹೊಲಿಯಲು ಸೀಟಿಲ್ಲದ ಮೇಲೆ, ಲೈಸೆನ್ಸ್ ಇದ್ದ ನಮ್ಮಂಥವರನ್ನು ಅದಕ್ಕೆ ಹಾಕಿದರು. ಮಗಳನ್ನು ಮೊದಲು ಪಕ್ಕದ ಮನೆಯಲ್ಲಿ ಬಿಡುತ್ತಿದ್ದೆ. ಅವರು ಮನೆ ಬದಲಾಯಿಸಿದರು. ಬೇರೆ ದಾರಿ ಕಾಣದೆ ಒಂದು ಬೆಳಿಗ್ಗೆ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಗೇಟಿಗೆ ಬಂದೆ, ಹಿಂದೆ ಕಳಿಸಿದರೆ ಮನೆಗೆ ಹೋಗಿ ರಾಜೀನಾಮೆ ಬರೆಯುವುದೆಂದುಕೊಂಡು. ಕಾವಲಿನವರು ಯಂತ್ರಕ್ಕೆ ಅವಳ ಪಾಸು ಹಿಡಿದರು. ಹಸಿರು ದೀಪ ಬಂತು. ಮಕ್ಕಳ ಮನೆಯನ್ನು ಮುಚ್ಚಿದ ನಿಮ್ಮ ಕಚೇರಿ ಮಕ್ಕಳ ಪಾಸುಗಳನ್ನು ರದ್ದು ಮಾಡುವುದನ್ನು ಮರೆತಿತ್ತು. "ಮಷೀನೇ ಬಿಡು ಅಂತಿದೆ, ನಂದೇನು?" ಎಂದು ಅವರು ಗೇಟು ತೆಗೆದರು. ಕಾರ್ಖಾನೆಯ ಲೆಕ್ಕದಲ್ಲಿ ನನ್ನ ಮಗಳು ಒಳಗೆ ಬರಬಹುದಾಗಿತ್ತು. ಬಂದ ಮೇಲೆ ಎಲ್ಲಿರಬೇಕು ಎಂಬುದಕ್ಕೆ ಮಾತ್ರ ಯಾವ ದೀಪವೂ ಉರಿಯಲಿಲ್ಲ.

ನಾನು ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಮಕ್ಕಳಿಗೆಂದೇ ಮಾಡಿದ ಬೆಲ್ಟಿನ ಆಸನ ಅದರಲ್ಲಿ ಇತ್ತು, ಅದನ್ನು ಬಿಗಿದು, ಬಿಗಿದದ್ದನ್ನು ಎಳೆದು ನೋಡಿ, ಮತ್ತೆ ಎಳೆದು ನೋಡಿ, ನಡಿಗೆಯ ವೇಗದಲ್ಲಿ ಅಂಗಳ ಸುತ್ತಿದೆ. ನನ್ನ ಸ್ವಭಾವ ನಿಮಗೆ ತಿಳಿಯದು. ಮಗು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುವವಳು, ಎದ್ದರೆ ಯಾಕೆ ಎದ್ದಿತು ಎಂದು ಚಿಂತಿಸುವವಳು. ಹುಟ್ಟಿದಂದಿನಿಂದ ಹಗಲು ನಿದ್ದೆ ಎಂದರೇನೆಂದು ಅರಿಯದ, ಅತ್ತೆ ಮುದ್ದಿಗೆ 'ಕುಂಬಳಕಾಯಿ' ಎಂದು ಕರೆಯುವ ಈ ಮಗು ಮೊದಲ ಸುತ್ತು ಮುಗಿಯುವ ಮೊದಲೇ ತಲೆ ವಾಲಿಸಿ ನಿದ್ದೆ ಹೋಯಿತು. ನಿಮ್ಮ ಕಾರಿನ ಬಗ್ಗೆ ಜಾಹೀರಾತುಗಳು ಹೇಳುವುದೆಲ್ಲ ನಿಜ, ಮಾನ್ಯರೇ. ಒಂದಿಷ್ಟೂ ಅಲುಗಾಡುವುದಿಲ್ಲ. ಅಂದಿನಿಂದ ದಿನವೂ ಅವಳನ್ನು ಕರೆತಂದೆ. ಕಾರುಗಳೂ ಕೆಡಲಿಲ್ಲ, ಮಗುವೂ ಮಲಗಿತು. ಇಷ್ಟು ಸುಸೂತ್ರವಾಗಿ ನಡೆದ ಯೋಜನೆ ನಿಮ್ಮ ಭವಿಷ್ಯದ ದಾರಿಯಲ್ಲಿ ಇನ್ನೊಂದಿದ್ದರೆ ತಿಳಿಸಿ.

ಆಮೇಲೆ ಮೂಗಣ್ಣ ಬಂದರು. ಪತ್ರಿಕೆಯ ಓದುಗರಿಗೆ ಹೇಳಬೇಕು: ಇಂಥ ಕಾರಿಗೆ ಹೊಸತನದ ಒಂದು ವಾಸನೆ ಇರಬೇಕು, ಅಂಟಿನ ವಾಸನೆಯಾಗಲಿ ಮುಗ್ಗಲಾಗಲಿ ಸೇರಬಾರದು, ಅದನ್ನು ಮೂಸಿ ನೋಡಲು ಒಬ್ಬ ಪರೀಕ್ಷಕರಿದ್ದಾರೆ. ಕಾರ್ಖಾನೆಯಲ್ಲಿ ಅವರಷ್ಟು ಜಂಬದ ಮನುಷ್ಯ ಇನ್ನೊಬ್ಬರಿಲ್ಲ. ತಮ್ಮ ಮೂಗಿಗೆ ವಿಮೆ ಮಾಡಿಸಿರುವುದಾಗಿ ಹೇಳಿಕೊಂಡು ತಿರುಗುತ್ತಾರೆ. ನಿಂತ ಕಾರುಗಳನ್ನು ಮೂಸುತ್ತ ಬಂದವರು ಮಗಳು ಮಲಗಿದ್ದ ಕಾರಿನ ಹಿಂದಿನ ಬಾಗಿಲಲ್ಲಿ ತಲೆ ಒಳಗಿಟ್ಟವರು ಹೊರಗೆ ತೆಗೆಯಲೇ ಇಲ್ಲ. ಕೆನೆ ಬಣ್ಣದ ಸೀಟಿನ ಹೊಲಿಗೆಯೊಳಗೆ, ಅದೂ ನಾನೇ ಹೊಲಿದ ಹೊಲಿಗೆ, ಎಂದೋ ಚೆಲ್ಲಿದ ಹಾಲು ಇಳಿದಿತ್ತು. ನಾನು ಒರೆಸಿದ್ದೆ. ಹೊಲಿದವಳಿಗೆ ಗೊತ್ತಿರಬೇಕಿತ್ತು, ಹೊಲಿಗೆಯೊಳಗೆ ಇಳಿದದ್ದು ಒರೆಸಿದರೆ ಹೋಗುವುದಿಲ್ಲ ಎಂದು. ಬರೆಯಬೇಡಿ ಅಣ್ಣ ಎಂದು ಕೇಳಿಕೊಂಡೆ.

"ಬರೀದೆ ಹೇಗಮ್ಮ? ಈ ಮೂಗು ಒಂದ್ಸಲ ಸುಳ್ಳು ಹೇಳಿದ್ರೆ ಆಮೇಲೆ ಅದನ್ನ ನಾನೇ ನಂಬಲ್ಲ," ಎಂದರು.

ನನಗೆ ಕೋಪ ಬರಲಿಲ್ಲ. ಸುಳ್ಳು ಹೇಳದ ಏನಾದರೂ ಒಂದು ಆ ಕಾರ್ಖಾನೆಯಲ್ಲಿ ಉಳಿದಿರುವುದು ಒಳ್ಳೆಯದೇ. ಅಷ್ಟರಲ್ಲಿ ಸೂಪರ್‌ವೈಸರ್ ಬಂದರು. ಹುಳಿಹಾಲಿನ ವಾಸನೆ ಎಂದು ಗೊತ್ತಾದ ಮೇಲೆ, ಇದನ್ನು ತೆಗೆಯಲು ಏನು ಹೊಡೆಸಬೇಕು ಎಂದು ಮೂಗಣ್ಣನನ್ನೇ ಕೇಳಿದರು.

"ಮಕ್ಕಳ ಮನೆ ಬಾಗಿಲು ತೆಗೆಸ್ಬೇಕು ಸಾರ್."

"ತಮಾಷೆ ಬೇಡ ಮಾರಾಯ."

"ತಮಾಷೆ ಅಲ್ಲ. ಸ್ಪ್ರೇ ಹೊಡೆದ್ರೆ ಈ ಕಾರಿಂದ ಹೋಗುತ್ತೆ, ಪಕ್ಕದ ಕಾರಲ್ಲಿ ಬರುತ್ತೆ. ಮಗು ಎಲ್ಲಾದ್ರೂ ಮಲಗ್ಲೇಬೇಕಲ್ಲ?"

ಸೂಪರ್‌ವೈಸರ್ ಕಾರಿನೊಳಗೆ ಇಣುಕಿದರು. ಹಿಂದಿನ ಸೀಟಿನಲ್ಲಿ ಮಗು ಇನ್ನೂ ಮಲಗಿತ್ತು; ಅವರು ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಹೋದರು. ಅವರಿಗೂ ಮನೆಯಲ್ಲಿ ಮಕ್ಕಳಿವೆ. ನಿಮ್ಮ ಕಚೇರಿಗೆ ಮಾತ್ರ ಆ ಸಂಭಾಷಣೆಯ ಅರ್ಧವಷ್ಟೇ ತಲುಪಿತು. ಮೂಗು ಕಂಡುಹಿಡಿದ ದೋಷ ನೋಟಿಸಿನಲ್ಲಿ ಬಂತು, ಅದೇ ಮೂಗಿನವರು ಹೇಳಿದ ಪರಿಹಾರ ಬರಲಿಲ್ಲ. 'ಕಂಪನಿಯ ಉತ್ಪನ್ನವನ್ನು ಸ್ವಂತ ಉಪಯೋಗಕ್ಕೆ ಬಳಸಿ ಅದರ ಹೊಸತನಕ್ಕೆ ಧಕ್ಕೆ ತಂದಿದ್ದೀರಿ, ನಿಮ್ಮನ್ನು ಏಕೆ ಕೆಲಸದಿಂದ ತೆಗೆಯಬಾರದು' ಎಂದು ಕೇಳಿದ್ದೀರಿ. ಮಗುವಿನ ಪಾಸು ಕೂಡ ರದ್ದಾಗಿದೆ. ಕೊನೆಗೂ ನಿಮ್ಮ ಕಚೇರಿಗೆ ನನ್ನ ಮಗಳ ನೆನಪಾಯಿತು.

ಹೌದು, ಬಳಸಿದ್ದೇನೆ. ಇದು ನನ್ನ ಉತ್ತರ. ಆದರೆ ಒಂದು ಸಂದೇಹವನ್ನು ನೀವು ಪರಿಹರಿಸಬೇಕು. ನಿಮ್ಮ ಕಾರಿನ ಹೊಳಪು ಕಾಗದದ ಜಾಹೀರಾತು ಪುಸ್ತಕದ ನಡುವಿನ ಪುಟದಲ್ಲಿ ಒಂದು ಚಿತ್ರವಿದೆ. ಕೆನೆ ಬಣ್ಣದ ಹಿಂದಿನ ಸೀಟು, ಅದರ ಮೇಲೆ ಬಾಯಿ ಅರೆತೆರೆದು ನಿದ್ದೆ ಹೋದ ಒಂದು ಮಗು. ಆ ಚಿತ್ರಕ್ಕಾಗಿ ಬೇಕಾದ ಸೀಟನ್ನೂ ನಮ್ಮ ವಿಭಾಗವೇ ಹೊಲಿದುಕೊಟ್ಟಿತ್ತು. ಆ ಮಗು ಮಲಗಿದರೆ ಕಾರಿಗೆ ಬೆಲೆ ಏರುತ್ತದೆ, ನನ್ನ ಮಗು ಮಲಗಿದರೆ ಇಳಿಯುತ್ತದೆ, ಇದು ಯಾವ ವಾಣಿಜ್ಯಶಾಸ್ತ್ರ? ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ. ಇನ್ನು ಹೊಸತನದ ಮಾತು. ಯಾರೂ ಕೊಳ್ಳದೆ, ಯಾರೂ ಕೂರದೆ, ಹೊದಿಕೆಯಡಿ ನಿಂತೇ ಮುದಿಯಾಗುತ್ತಿರುವ ಕಾರಿನ ಹೊಸತನ ಯಾರಿಗಾಗಿ ಕಾದಿದೆ? ಆ ಕಾರು ಮಾಡಿದ ಕೆಲಸ ಎಂದರೆ ಇಷ್ಟರವರೆಗೆ ಒಂದೇ, ಒಂದು ಮಗುವನ್ನು ಮಲಗಿಸಿದ್ದು.

ವಿದೇಶದ ಮಾರುಕಟ್ಟೆ ತಿರುಗಿ ಏಳುತ್ತದೆಯೋ ಇಲ್ಲವೋ ನನಗೆ ತಿಳಿಯದು. ನಿಮಗೂ ತಿಳಿಯದು, ನಿಮ್ಮ ಭಾಷಣದಲ್ಲಿ ನೀವು ನೀರು ಕುಡಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಅದಕ್ಕಾಗಿ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ನಿಮಗೂ ನಿದ್ದೆ ಬರುತ್ತಿರಲಾರದು. ಏಳಲಿ ಎಂದೇ ಬಯಸುತ್ತೇನೆ. ಅದು ಏಳದಿದ್ದರೆ ನನ್ನ ಸೂಜಿಗೂ ನಿಮ್ಮ ಪರದೆಗೂ ಒಂದೇ ಗತಿ. ಆದರೆ ಎದ್ದ ದಿನ ಸೀಟು ಹೊಲಿಯಲು ನಾವಿರಬೇಕಲ್ಲ? ಈ ಅಂಗಳ ಹೋದ ಮೇಲೆ ನನ್ನ ಸಾಲಿನ ಇಬ್ಬರು ತಾಯಂದಿರು ಆಗಲೇ ಕೆಲಸ ಬಿಟ್ಟಿದ್ದಾರೆ. ಪಾಸು ರದ್ದಾದ ಮೇಲೆ ಮೂರನೆಯವಳು ನಾನು. ನೀವು ತೆಗೆಯಬೇಕಾಗಿಯೇ ಇಲ್ಲ, ಸೋಮವಾರ ಮಗುವನ್ನು ಬಿಡಲು ಜಾಗ ಸಿಗದಿದ್ದರೆ ನಾನೇ ಬರುವುದಿಲ್ಲ.

ನೋಟಿಸನ್ನು ವಾಪಸು ಪಡೆಯಿರಿ ಎಂದು ಕೇಳುತ್ತಿಲ್ಲ. ಸೀಟು ಹಾಳಾಗಿದ್ದರೆ ಬಿಚ್ಚಿ ಕೊಡಿ, ಹೊಸದಾಗಿ ಹೊಲಿದುಕೊಡುತ್ತೇನೆ, ಸದ್ಯ ಬೇರೆ ಕೆಲಸವೂ ಇಲ್ಲ. ಕೇಳುತ್ತಿರುವುದು ಆ ಅಂಗಳವನ್ನು, ಅದರ ಹಿಂದಿನ ಎರಡು ಕೋಣೆಗಳನ್ನು, ಆಯಾ ಅವರನ್ನು. ಕಂಬದ ಸ್ಪಂಜು ಹಾಗೇ ಇರಲಿ. ಕಾರುಗಳನ್ನು ಅಲ್ಲಿಂದ ಸರಿಸಲು ಜನ ಸಾಲದು ಎಂದು ನಿಮ್ಮ ಕಚೇರಿ ಹೇಳಬಹುದು. ಹಾಗಿದ್ದರೆ ಮಗಳ ಪಾಸನ್ನು ಒಂದೇ ಒಂದು ದಿನಕ್ಕೆ ಊರ್ಜಿತ ಮಾಡಿಕೊಡಿ. ಎಲ್ಲ ಕಾರುಗಳನ್ನೂ ನಾನೊಬ್ಬಳೇ ಸರಿಸುತ್ತೇನೆ, ನಿಧಾನವಾಗಿ, ಹಿಂದಿನ ಸೀಟಿನವಳು ಎಚ್ಚರವಾಗದ ಹಾಗೆ.

ಇಂತಿ,
ನೀವು ಎದೆಯ ಮೇಲೆ ಕೈಯಿಟ್ಟು ಹೇಳಿದ ಕುಟುಂಬದ ಒಬ್ಬಳು ಸೊಸೆ,
ಸೀಟು ಹೊಲಿಗೆ ವಿಭಾಗ. ಸದ್ಯಕ್ಕೆ ಕಾರು ಮೇಯಿಸುವವಳು