ಕಿಂಡಿಯಲ್ಲಿ ಕಾಣದ ಎಣ್ಣೆ

ಶೆಡ್ಡಿನ ಮುಂಗೋಣೆಯಿಂದ,
ಹದಿನಾರನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ ಮಾವನ ಆಶೀರ್ವಾದ.

ಹೇಗಿದ್ದೀಯಮ್ಮ? ಬಲಗೈ ಮಣಿಕಟ್ಟಿನ ನೋವು ಇಳಿಯಿತೇ? ನಿಮ್ಮಕ್ಕ, ಅವಳ ಮಕ್ಕಳು ಸೌಖ್ಯವೇ? ಇಲ್ಲಿ ನಿನ್ನತ್ತೆಗೆ ಮಂಡಿಯದೊಂದು ಬಿಟ್ಟರೆ ಬೇರೆ ತೊಂದರೆಯಿಲ್ಲ. ನಿನ್ನ ಗಂಡ ಎರಡು ಹೊತ್ತು ಉಣ್ಣುತ್ತಾನೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾನೆ, ಕೇಳದ್ದಕ್ಕೂ ಹೂಂ ಅನ್ನುತ್ತಾನೆ. ನೀನು ಹೋಗಿ ಇವತ್ತಿಗೆ ಇಪ್ಪತ್ಮೂರು ದಿನ. ‘ಅಕ್ಕನ ಮನೆಗೆ ಹೋಗಿ ಬರ್ತೀನಿ ಮಾವ’ ಅಂದೆ, ನಾನೂ ಆಯಿತು ಅಂದೆ. ಆದರೆ ಅಕ್ಕನ ಮನೆಗೆ ಹೋಗುವವರು ಹದಿನೆಂಟು ಕಿಲೋ ತೂಕದ ಸ್ಪ್ಯಾನರ್ ಪೆಟ್ಟಿಗೆ ಹೊತ್ತುಕೊಂಡು ಹೋಗುವುದಿಲ್ಲ ಎನ್ನುವಷ್ಟು ಲೆಕ್ಕ ನನಗೂ ಬರುತ್ತದೆ. ಅಲ್ಲಿ ಯಾವುದೋ ವರ್ಕ್‌ಶಾಪಿನವರು ಬರುವ ಒಂದನೇ ತಾರೀಖಿನಿಂದ ಕೆಲಸಕ್ಕೆ ಬಾ ಎಂದು ನಿನ್ನನ್ನು ಕರೆದಿದ್ದಾರಂತೆ. ನಿನ್ನತ್ತೆ ಹೇಳಿದಳು. ನನಗಲ್ಲ, ಗೋಡೆಗೆ ಹೇಳಿದಳು. ಆದರೆ ನನಗೆ ಕೇಳುವಷ್ಟು ಜೋರಾಗಿ.

ನೀನು ಹೊರಡುವ ಮೊದಲು ಆವತ್ತು ಶೆಡ್ಡಿನಲ್ಲಿ ನಡೆದದ್ದು ನಿನಗೆ ಗೊತ್ತಿರುವುದೇ. ಆದರೂ ನನ್ನ ಕೈಯಿಂದ ಒಮ್ಮೆ ಬರೆಯುತ್ತೇನೆ. ಬೆಳಗಿನ ತಪಾಸಣೆ ಹಾಳೆಯಲ್ಲಿ ನೀನು ಎಂದಿನಂತೆ ‘ಎಣ್ಣೆ ಸರಿಯಿದೆ’ ಎಂದು ಬರೆದಿದ್ದೆ. ಮಧ್ಯಾಹ್ನ ನಾನು ದೊಡ್ಡ ಬೂಮ್ ಲಿಫ್ಟಿನ ಪಕ್ಕ ಹಾದುಹೋಗುವಾಗ ಅದರ ಉದ್ದ ತೋಳು, ಆ ಬೂಮ್, ಪೂರ್ತಿ ಮೇಲಿತ್ತು, ನಿನ್ನ ಗಂಡ ಅರವತ್ತಡಿ ಎತ್ತರದ ಬುಟ್ಟಿಯಲ್ಲಿದ್ದ. ಬಗ್ಗಿ ಟ್ಯಾಂಕಿನ ಗಾಜಿನ ಕಿಂಡಿ ನೋಡಿದರೆ ಬೂಮ್ ಎತ್ತುವ ಹೈಡ್ರಾಲಿಕ್ ಎಣ್ಣೆ ಇರಬೇಕಾದ ಗೆರೆಗಿಂತ ನಾಲ್ಕು ಬೆರಳು ಕೆಳಗಿದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಬೆಂಕಿಪೊಟ್ಟಣದಲ್ಲೂ ಕಡ್ಡಿ ಎಣಿಸಿಡುವವನು. ವೆಲ್ಡರ್, ಲಾರಿ ಡ್ರೈವರ್, ಬಾಡಿಗೆಗೆ ಯಂತ್ರ ಕೇಳಲು ಬಂದಿದ್ದ ಬಣ್ಣದ ಮೇಸ್ತ್ರಿ, ಮೂವರ ಎದುರಿಗೇ ನಿನ್ನನ್ನು ಕರೆದು, ‘ಬೆಳಿಗ್ಗೆ ಇದ್ದ ಎಣ್ಣೆಗೆ ಮಧ್ಯಾಹ್ನದೊಳಗೆ ಕಾಲು ಬಂತಾ? ನೋಡದೇನೇ ಸುಳ್ಳು ಬರೀತೀಯಾ?’ ಎಂದೆ. ನೀನು, ‘ಬೂಮ್ ಇಳಿಸಿ ನೋಡಿ ಮಾವ’ ಎಂದೆ. ಅಷ್ಟೇ ಅಂದದ್ದು. ನನಗೆ ಅದು ಎದುರುತ್ತರದ ಹಾಗೆ ಕೇಳಿಸಿತು. ‘ಇಪ್ಪತ್ತೆರಡು ವರ್ಷದಿಂದ ಯಂತ್ರ ಬಾಡಿಗೆಗೆ ಬಿಡ್ತಿದ್ದೀನಿ, ನನಗೆ ಕಲಿಸೋಕೆ ಬರಬೇಡ’ ಎಂದೆ. ನನಗೆ ಗೊತ್ತಿದ್ದದ್ದು ಬಾಡಿಗೆಗೆ ಬಿಡುವುದು ಮಾತ್ರ, ಯಂತ್ರವಲ್ಲ. ಈ ವ್ಯತ್ಯಾಸ ತಿಳಿಯಲು ಗುರುವಾರದವರೆಗೆ ಕಾಯಬೇಕಾಯಿತು.

ಮೊನ್ನೆ ಗುರುವಾರ ದೊಡ್ಡ ಯಂತ್ರ ಒಂದು ಸಭಾಂಗಣಕ್ಕೆ ಹೋಗಿತ್ತು, ಚಾವಣಿಯ ದೀಪ ಬದಲಿಸಲು. ಮುಖ ನೋಡಿಕೊಳ್ಳಬಹುದಾದಂಥ ಕಲ್ಲುನೆಲ. ಹೊಗೆ ಆಗದು, ಸದ್ದು ಆಗದು, ಅದಕ್ಕೇ ಬ್ಯಾಟರಿಯ ಯಂತ್ರ ಕೇಳಿದ್ದರು. ನಿನ್ನ ಗಂಡ ಮೇಲಿದ್ದ, ನಾನು ಕೆಳಗೆ. ಕಿಂಡಿ ನೋಡಿದೆ. ಅದೇ ನಾಲ್ಕು ಬೆರಳು ಕಡಿಮೆ. ಮುಚ್ಚಿಡುವುದೇಕೆ, ನನಗೆ ಒಳಗೊಳಗೇ ಖುಷಿಯಾಯಿತು. ನೀನಿಲ್ಲದಿದ್ದರೂ ನನ್ನ ಮಾತು ಗೆದ್ದಿತಲ್ಲ ಎಂದು. ಲಾರಿಯಲ್ಲಿದ್ದ ಡಬ್ಬಿ ತಂದು ಗೆರೆ ಮುಟ್ಟುವವರೆಗೆ ಸುರಿದೆ. ಮೇಲಿನಿಂದ ಅವನು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ನಾನು ಕಂಡೂ ಕಾಣದವನ ಹಾಗಿದ್ದೆ. ಊಟದ ಹೊತ್ತಿಗೆ ಅವನು ಬೂಮ್ ಮಡಚಿಕೊಂಡು ಇಳಿದ. ಇಳಿಯುತ್ತಿದ್ದ ಹಾಗೆ ಟ್ಯಾಂಕಿನ ಮುಚ್ಚಳದ ಸಂದಿಯಿಂದ ಎಣ್ಣೆ ಹೊರಬರತೊಡಗಿತು. ಚಿಮ್ಮಲಿಲ್ಲ, ಅವಸರ ಮಾಡಲಿಲ್ಲ. ತನ್ನ ಮನೆಗೆ ತಾನು ಬಂದರೆ ಒಳಗೆ ಬೇರೆ ಯಾರೋ ಕೂತಿದ್ದಾರೆ ಎಂದು ಬಾಗಿಲಲ್ಲೇ ನಿಂತವರ ಹಾಗೆ ಮೆಲ್ಲಗೆ ಹರಿದು ಆ ಕನ್ನಡಿಯಂಥ ನೆಲವನ್ನೆಲ್ಲ ಆಕ್ರಮಿಸಿತು. ಸಭಾಂಗಣ ನೋಡಿಕೊಳ್ಳುವ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ಏನ್ರೀ ಯಜಮಾನ್ರೇ, ನಿಮ್ಮ ಯಂತ್ರಕ್ಕೆ ಅಜೀರ್ಣವಾ, ನಿಮಗಾ?’ ಎಂದಳು. ನಾನೂ ನಿನ್ನ ಗಂಡನೂ ಮರದ ಹೊಟ್ಟು ಚೆಲ್ಲಿ, ಗೋಣಿಚೀಲ ಹಾಸಿ, ಎರಡು ಗಂಟೆ ಮಂಡಿಯೂರಿ ಒರೆಸಿದೆವು. ಆಗ ಅವನು ಮೂರು ವಾರದಲ್ಲಿ ಮೊದಲ ಸಲ ಒಂದು ಪೂರ್ತಿ ಮಾತಾಡಿದ: ‘ಎಣ್ಣೆ ಎಲ್ಲೂ ಹೋಗಿರ್ಲಿಲ್ಲ ಅಪ್ಪ. ನನ್ನ ಜೊತೆ ಮೇಲಿತ್ತು.’

ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ನಮ್ಮ ಇನ್ನೊಂದು ಚಿಕ್ಕ ಬೂಮ್ ಲಿಫ್ಟನ್ನು ಶೆಡ್ಡಿನ ಮುಂದೆ ಸಮನೆಲದಲ್ಲಿ ನಿಲ್ಲಿಸಿ, ಅವನನ್ನು ಹತ್ತಿಸಿ, ನಾನು ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬೂಮ್ ಮಡಚಿದ್ದಾಗ ಎಣ್ಣೆ ಸರಿಯಾಗಿ ಗೆರೆಗೆ ನಿಂತಿತ್ತು. ಅವನು ಏರತೊಡಗಿದ, ಟ್ಯಾಂಕಿನ ಎಣ್ಣೆ ಬೂಮ್ ಎತ್ತುವ ಸಿಲಿಂಡರಿಗೆ ಹೋಗತೊಡಗಿತು. ಅವನು ಒಂದು ಆಳೆತ್ತರ ಏರಿದರೆ ಇಲ್ಲಿ ಒಂದು ನೂಲಿನಷ್ಟು ಇಳಿಯುತ್ತದೆ. ಇನ್ನೊಂದು ಆಳು, ಇನ್ನೊಂದು ನೂಲು. ಅವನು ಶೆಡ್ಡಿನ ಚಾವಣಿಯ ನೆರಳು ದಾಟಿ ಬಿಸಿಲಿಗೆ ಹೋದ, ಎಣ್ಣೆ ಕಿಂಡಿಯ ತಳಕ್ಕೆ ಹೋಯಿತು. ಅವನು ಇಳಿದ ಹಾಗೆಲ್ಲ ನೂಲಿಗೆ ನೂಲು ಹಿಂದಕ್ಕೆ ಬಂದು, ಕೊನೆಗೆ ಅದೇ ಗೆರೆಗೆ ನಿಂತಿತು. ಏಳು ಸಲ ಏರಿಸಿ ಇಳಿಸಿದೆ. ಏಳು ಸಲವೂ ಕೂದಲೆಳೆಯಷ್ಟು ಆಚೀಚೆ ಇಲ್ಲ. ಜೀವಮಾನವೆಲ್ಲ ಕೂಡಿ ಕಳೆದು ಬಂದವನು ನಾನು. ಇಷ್ಟು ಚೊಕ್ಕವಾದ ಲೆಕ್ಕ ನೋಡಿರಲಿಲ್ಲ. ಆಮೇಲೆ ಸುರಕ್ಷತೆಯ ಪಟ್ಟಿ ಬಿಗಿದುಕೊಂಡು ನಾನೇ ಹತ್ತಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ನಗಬೇಡ. ಮೇಲೆ ಹೋಗಿ ಗುಂಡಿಯಿಂದ ಬೆರಳು ತೆಗೆದಾಗ ಪಂಪಿನ ಗುಂಯ್ಗುಡುವಿಕೆ ನಿಂತುಹೋಯಿತು. ಗಾಳಿ ಬಿಟ್ಟರೆ ಸದ್ದಿಲ್ಲ. ಕಾಲಡಿಯಲ್ಲಿ ಕಂಬವಿಲ್ಲ, ಗೋಡೆಯಿಲ್ಲ. ಅಂಗೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರಿಹೋಗುವ ಎಣ್ಣೆ, ಅದು ನನ್ನನ್ನು ಹೊತ್ತುಕೊಂಡು ನಿಂತಿದೆ. ಹೋಸ್ ಪೈಪು ಒಡೆದರೂ ಸಿಲಿಂಡರಿನ ಬುಡದ ಹೆಬ್ಬೆರಳುಗಾತ್ರದ ವಾಲ್ವು ಎಣ್ಣೆಯನ್ನು ಅಲ್ಲೇ ಬಂಧಿಸಿ, ಬುಟ್ಟಿ ಬೀಳದ ಹಾಗೆ ತಡೆಯುತ್ತದೆಂದು ನೀನು ಹಿಂದೊಮ್ಮೆ ಹೇಳಿದ್ದೆ. ನಾನು ಗಡಿಯಾರ ನೋಡಿಕೊಂಡು ಕೇಳಿದ್ದೆ. ಮೇಲೆ ನಿಂತಾಗ ಪ್ರತಿ ಅಕ್ಷರವೂ ನೆನಪಿಗೆ ಬಂತು. ಆ ವಾಲ್ವುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದ ಕೈ ಯಾವುದು ಎಂಬುದೂ. ನನ್ನ ಮಗ ದಿನಾ ನಿಲ್ಲುತ್ತಿದ್ದುದು ಆ ಕೈಯ ಮೇಲೆ ಕಣಮ್ಮ. ಇಳಿಯುವಾಗ ಪಂಪಿನ ಸದ್ದೇ ಇರಲಿಲ್ಲ. ನನ್ನ ಭಾರಕ್ಕೇ ಎಣ್ಣೆ ಕಿರುದಾರಿಯಲ್ಲಿ ಸಾವಕಾಶವಾಗಿ ಟ್ಯಾಂಕಿಗೆ ಮರಳುತ್ತಿತ್ತು. ಕೆಳಗೆ ಬಂದವನೇ ಯಂತ್ರಕ್ಕೆ ಕೈಮುಗಿದೆ. ನಾನು ಕೈಮುಗಿದದ್ದು ನೋಡಿ ನಿನ್ನತ್ತೆ ಹೆದರಿ ನೀರು ತಂದುಕೊಟ್ಟಳು.

ಇನ್ನೊಂದು. ಪೈಪಿನ ಕೆಳಗೆ ನೀನು ರಟ್ಟಿನ ಚೂರು ಹಿಡಿದು ಸೋರಿಕೆ ಹುಡುಕುವಾಗ, ಕೈ ಕೊಳೆಯಾಗುತ್ತದೆ ಎಂಬ ನಾಜೂಕು ಅಂತ ನಾನು ಆಡಿಕೊಳ್ಳುತ್ತಿದ್ದೆ. ಸೂಜಿಮೊನೆಯಷ್ಟು ತೂತಿನಿಂದ ಒತ್ತಡಕ್ಕೆ ಚಿಮ್ಮುವ ಎಣ್ಣೆಯೂ ಚರ್ಮ ಸೀಳಿ ಒಳಗೆ ಹೋಗುತ್ತದೆಂದು ನಿನ್ನ ಗಂಡ ಈಗ ಹೇಳಿದ. ಇಷ್ಟು ವರ್ಷ ಬರಿಗೈಯಲ್ಲಿ ಸವರಿ ನೋಡಿದವನು ನಾನು. ಬೆರಳು ಎಣಿಸಿಕೊಂಡೆ, ಹತ್ತೂ ಇವೆ, ಪುಣ್ಯ.

ನಿಮ್ಮಕ್ಕನಿಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳ ತಲೆ ನೇವರಿಸು. ಎಲ್ಲಿ ಕೆಲಸಕ್ಕೆ ನಿಂತರೂ ನಿನ್ನ ಕೈಗೆ ಬಲ ಬರಲಿ, ನಿನ್ನ ಮಾತಿಗೆ ಬೆಲೆ ಸಿಗಲಿ.

ಇತಿ,
ನಿನ್ನ ಮಾವ

ಮತ್ತೆ: ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಗುರುವಾರ ನಾನು ಸುರಿದದ್ದು ಸಾಮಾನು ಎತ್ತುವ ಹಳೆ ಫೋರ್ಕ್‌ಲಿಫ್ಟಿನ ಡಬ್ಬಿಯ ಎಣ್ಣೆ. ಅದೂ ಇದೂ ಬೆರೆತಿದೆ. ಬಸಿದು ಬೇರೆ ಹಾಕಿದರೆ ಸಾಕೋ, ಒಳಗೆಲ್ಲ ತೊಳೆಯಬೇಕೋ ನನಗೆ ತಿಳಿಯದು. ದೊಡ್ಡ ಯಂತ್ರದ ಕೀಲಿ ತೆಗೆದಿಟ್ಟು, ‘ಸೊಸೆ ಹೇಳುವವರೆಗೆ ಮುಟ್ಟಬಾರದು’ ಎಂದು ಚೀಟಿ ಬರೆದು ಅದರ ಹಿಡಿಗೆ ಕಟ್ಟಿದ್ದೇನೆ. ಕೇಳಿಕೊಂಡು ಬಂದವರನ್ನು ಹಿಂದಕ್ಕೆ ಕಳಿಸಿದೆ. ಉತ್ತರ ಕಾಗದದಲ್ಲೇ ಬರೆ, ಅದಕ್ಕಾಗಿ ಬರಬೇಕಾಗಿಲ್ಲ. ಬರುವುದಾದರೆ ನಿನ್ನಿಷ್ಟಕ್ಕೆ ಬಾ. ಆವತ್ತು ಸುಳ್ಳು ಹೇಳಿದವಳು ನೀನಲ್ಲ, ನೋಡಲು ಬರದವನು ನಾನು ಎಂದು ವೆಲ್ಡರನಿಗೂ ಲಾರಿ ಡ್ರೈವರನಿಗೂ ನಿನ್ನೆ ಹೇಳಿದೆ. ಬಣ್ಣದ ಮೇಸ್ತ್ರಿ ಶೆಡ್ಡಿಗೆ ಬರಲಿಲ್ಲ, ಅವನಿದ್ದ ಕಟ್ಟಡಕ್ಕೇ ಹೋದೆ. ಅವನು ಮೂರನೇ ಮಹಡಿಯಲ್ಲಿ ಏಣಿ ಮೇಲಿದ್ದ, ಕೆಳಗಿನಿಂದಲೇ ಕೂಗಿ ಹೇಳಬೇಕಾಯಿತು. ಬೀದಿಗೆಲ್ಲ ಗೊತ್ತಾಯಿತು, ಆಗಲಿ. ಹೇಳಬೇಕಾದವರಲ್ಲಿ ಉಳಿದವಳು ನೀನೊಬ್ಬಳೇ. ತಪ್ಪಾಯಿತಮ್ಮ.