ಬಿಂದು ಹಕ್ಕಿಯ ಪಾಠ ಓದುವುದಿಲ್ಲ

ಚಾಮರಾಜಪೇಟೆ, ಬೆಂಗಳೂರು
ಶನಿವಾರ, ೨೧-೨-೧೯೯೮

ಪ್ರೀತಿಯ ಮಗಳು ಜ್ಯೋತಿಗೆ,

ಹೇಗಿದ್ದೀಯಾ ತಾಯೀ? ಹುಬ್ಬಳ್ಳಿಯ ಹಾಸ್ಟೆಲಿನ ಖಾರಕ್ಕೆ ಹೊಟ್ಟೆ ಉರಿಯುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ನರ್ಸ್ ಆಗಿರುವ ನಿನಗೆ ಔಷಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೂ ಊಟವಾದ ಮೇಲೆ ಒಂದು ಲೋಟ ನೀರು ಮಜ್ಜಿಗೆಗೆ ಜೀರಿಗೆ ನುರಿದು ಹಾಕಿಕೊಂಡು ಕುಡಿ. ಇಲ್ಲಿ ನಾವು ಮೂವರೂ ಗಟ್ಟಿಯಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ಗೊಣಗುತ್ತದೆ, ಮಿಕ್ಕ ಹೊತ್ತು ಸುಮ್ಮನಿರುತ್ತದೆ. ಅಳಿಯಂದಿರಿಗೆ ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಮದುವೆ ಕಾಲವಲ್ಲವೇ? ಮನೆಗೆ ಬರುವಾಗ ಅವರ ಉಗುರಿನ ಸಂದಿಯಲ್ಲೆಲ್ಲ ಲಗ್ನಪತ್ರಿಕೆಯ ಬಂಗಾರದ ಪುಡಿ ಕೂತಿರುತ್ತದೆ. ಊರಿನವರ ಲಗ್ನವೆಲ್ಲ ನಮ್ಮ ಅಳಿಯ ಲಕ್ಷ್ಮೀಶಪ್ಪನ ಬೆರಳ ತುದಿಯಲ್ಲೇ ಮುಗಿದ ಹಾಗೆ ಕಾಣುತ್ತದೆ. ಮುದ್ದೆ ನಾನು ತಿರುವುತ್ತೇನೆ, ಸಾರು ಅವರು ಮಾಡುತ್ತಾರೆ. ಉಪ್ಪು ಯಾರು ಹಾಕಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಹಾಗಾಗಿ ಒಂದೊಂದು ದಿನ ಎರಡು ಸಲ ಬೀಳುತ್ತದೆ, ಒಂದೊಂದು ದಿನ ಬೀಳುವುದೇ ಇಲ್ಲ.

ನಿನ್ನ ಕಾಗದ ಬಂತು. ಅದರಲ್ಲಿ ನೀನು ಕೇಳಿದ ಮಾತು ನನ್ನ ತಲೆಯಲ್ಲಿ ನೊಣದ ಹಾಗೆ ಸುತ್ತುತ್ತಿದೆ. 'ಟ್ರೈನಿಂಗ್ ಬಿಟ್ಟು ಬಂದುಬಿಡಲಾ ಅಪ್ಪಾ, ನೀನು ಒಂದು ಮಾತು ಹೇಳು ಸಾಕು' ಎಂದು ಬರೆದಿದ್ದೀಯ. ಅದು ಒಂದು ಮಾತಿನಲ್ಲಿ ಹೇಳುವಂಥದ್ದೇ? ನರ್ಸುಗಳಿಗೆ ಪಾಠ ಹೇಳುವ ಟೀಚರ್ ಆಗಲು ಸರ್ಕಾರ ನಿನ್ನನ್ನು ಆರಿಸಿ ಕಳಿಸಿದೆ. ಅರ್ಧಕ್ಕೆ ಬಿಟ್ಟರೆ ಆ ಸೀಟು ಇನ್ನೊಂದು ಸಲ ಸಿಗುವುದಿಲ್ಲ ಎಂದು ನೀನೇ ಹೇಳಿದ್ದೆ. ಇತ್ತ ನೋಡಿದರೆ ಮಗು. ಬಾ ಎನ್ನಲೋ, ಬೇಡ ಎನ್ನಲೋ ತಿಳಿಯದೆ ಬೆಳಗಿನಿಂದ ಪೆನ್ನು ಹಿಡಿದು ಕೂತಿದ್ದೇನೆ. ಇಲ್ಲಿ ಆಗಿರುವುದನ್ನೆಲ್ಲ ಬರೆಯುತ್ತೇನೆ, ನಿನಗೇನಾದರೂ ಹೊಳೆಯುತ್ತದೋ ನೋಡು.

ಬಿಂದು ಮೊದಲು ತಡವರಿಸಿಯಾದರೂ ಓದುತ್ತಿದ್ದಳು, ನಿನಗೆ ಗೊತ್ತು. ಅಕ್ಷರ ಅಕ್ಷರಕ್ಕೂ ನಿಂತು, ಕೆಸರಿನಲ್ಲಿ ಕಾಲೆತ್ತಿ ಇಡುವವಳ ಹಾಗೆ ಓದುತ್ತಿದ್ದಳು. ಅದಕ್ಕೇ ಅಲ್ಲವೇ ಸಂಕ್ರಾಂತಿ ಆದ ಮೇಲೆ ಹಿಂದಿನ ರಸ್ತೆಯ ಗೋದಮ್ಮ ಟೀಚರ್ ಹತ್ತಿರ ಸಂಜೆ ಪಾಠಕ್ಕೆ ಬಿಟ್ಟಿದ್ದು. ರಿಟೈರ್ ಆದರೂ ಆಯಮ್ಮನಿಗೆ ಮಕ್ಕಳ ಹುಚ್ಚು ಹೋಗಿಲ್ಲ. ವರಾಂಡದಲ್ಲಿ ಚಾಪೆ ಹಾಸಿ ಅಕ್ಕಪಕ್ಕದ ಮಕ್ಕಳನ್ನೆಲ್ಲ ಕೂರಿಸಿಕೊಳ್ಳುತ್ತಾರೆ. ಬಿಂದುವಿನ ಕ್ಲಾಸಿನವರೂ ಇದ್ದಾರೆ. ನನಗೂ ಕೂರಲು ಒಂದು ಬೆತ್ತದ ಸ್ಟೂಲು ಹಾಕಿಕೊಟ್ಟಿದ್ದಾರೆ. ಮಗುವನ್ನು ಬಿಟ್ಟು ಮನೆಗೆ ಬಂದು ಮತ್ತೆ ಕರೆಯಲು ಹೋಗುವುದಕ್ಕೆ ಮಂಡಿ ಒಪ್ಪಬೇಕಲ್ಲ? ಅಲ್ಲೇ ಕೂತಿರುತ್ತೇನೆ. ಪಾಠ ಮುಗಿದ ಮೇಲೆ ಮಕ್ಕಳು 'ತಾತ, ಒಂದು ಕಥೆ' ಎಂದು ಮುತ್ತಿಕೊಳ್ಳುತ್ತವೆ, ಒಂದು ಹೇಳಿಯೇ ಏಳುವುದು.

ಮೊದಲ ದಿನ ಹಕ್ಕಿಯ ಪಾಠ. 'ಹಸಿರು ಹಕ್ಕಿ ಹಾರಿ ಬಂತು. ಹಲಸಿನ ಮರದ ಮೇಲೆ ಕೂತಿತು.' ಇಷ್ಟೇ. ಬಿಂದು ಓದಿದಳು. ಗೋದಮ್ಮ 'ಹಾಗಲ್ಲ ಪುಟ್ಟಿ, ಹಕ್ಕಿ, ಹಕ್ಕಿ, ಎಲ್ಲಿ ಹೇಳು' ಅಂದರು. ಬಿಂದು ಮತ್ತೆ ಹೇಳಿದಳು. ಅವರು ಮತ್ತೆ 'ಹಕ್ಕಿ' ಅಂದರು. ನನಗೆ ಏನು ತಪ್ಪಾಯಿತೆಂದು ಗೊತ್ತಾಗಲಿಲ್ಲ. 'ಮಗು ಅಂದಿದ್ದೂ ಅದನ್ನೇ ಅಲ್ವಾ ಟೀಚರ್? ಹಕ್ಕಿ!' ಅಂದೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ಮಕ್ಕಳ ನಗು ಚೆನ್ನಲ್ಲವೇ, ನಾನೂ ಜೊತೆಗೆ ನಕ್ಕೆ. ಗೋದಮ್ಮ ಮಾತ್ರ ನಗಲಿಲ್ಲ, ಪುಸ್ತಕದ ಹಾಳೆ ತಿರುಗಿಸಿ ಬೇರೆ ಪಾಠ ತೆಗೆದರು. ಬಿಂದುವೂ ನಗಲಿಲ್ಲ.

ಮಾರನೆಯ ದಿನದಿಂದ ಶುರುವಾಯಿತು ನೋಡು. ಪುಸ್ತಕ ಮುಂದಿಟ್ಟರೆ ತುಟಿ ಹೊಲಿದುಕೊಂಡು ಕೂರುತ್ತಾಳೆ. ಗೋದಮ್ಮ ಮುದ್ದು ಮಾಡಿದರು, ಕೊಬ್ಬರಿ ಮಿಠಾಯಿ ಕೊಟ್ಟರು, ಕಡೆಗೆ ಗದರಿಸಿದರು. ಮಿಠಾಯಿ ತಿಂದಳು, ಓದಲಿಲ್ಲ. ಸ್ಕೂಲಿನಲ್ಲೂ ಹಾಗೆಯೇ ಅಂತೆ. ಹೋದ ವಾರ ಹೆಡ್ ಮಿಸ್ ನನ್ನನ್ನು ಕರೆಸಿದರು. 'ಲೆಕ್ಕ ಮಾಡ್ತಾಳೆ, ನೋಡಿಕೊಂಡು ಬರೀತಾಳೆ, ಓದು ಅಂದ್ರೆ ಬಾಯಿ ಬಿಡಲ್ಲ. ಪರೀಕ್ಷೆಯಲ್ಲಿ ಗಟ್ಟಿಯಾಗಿ ಓದದಿದ್ರೆ ಎರಡನೇ ಕ್ಲಾಸಲ್ಲೇ ಕೂರಿಸಬೇಕಾಗತ್ತೆ ಯಜಮಾನ್ರೇ. ಮಗುವಿಗೆ ತಾಯಿ ಹತ್ತಿರ ಇರಬೇಕು' ಅಂದರು. ಆ ಕಡೇ ಮಾತನ್ನು ನಿನಗೆ ಬರೆಯಬಾರದೆಂದಿದ್ದೆ. ಅಳಿಯಂದಿರು ಫೋನಿನಲ್ಲಿ ಹೇಳಿಬಿಟ್ಟಿದ್ದಾರೆ ಎಂದು ನಿನ್ನ ಕಾಗದದಿಂದ ತಿಳಿಯಿತು.

ಕಾರಣ ಏನೆಂದು ಒಬ್ಬೊಬ್ಬರದು ಒಂದೊಂದು. ಎದುರು ಮನೆ ನರಸಮ್ಮ ದೃಷ್ಟಿ ಅಂದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾವೆಲ್ಲ ಕೆಮ್ಮಿದ್ದೊಂದೇ ಲಾಭ. ಅಳಿಯಂದಿರು ಕಣ್ಣಿನ ದೋಷ ಇರಬಹುದು ಎಂದು ಅರ್ಧ ದಿನ ರಜೆ ಕೇಳಿಕೊಂಡು, ಓನರ್ ಹತ್ತಿರ ಅನ್ನಿಸಿಕೊಂಡು, ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಬೋರ್ಡಿನ ಮೇಲೆ ಇರುವೆಯಷ್ಟು ಸಣ್ಣ ಅಕ್ಷರವನ್ನೂ ಬಿಡದೆ ಹೇಳಿದಳಂತೆ. ಡಾಕ್ಟರು 'ಇವಳು ನನಗಿಂತ ಚೆನ್ನಾಗಿ ನೋಡ್ತಾಳೆ ಕಣ್ರೀ' ಎಂದು ಕಳಿಸಿದ್ದಾರೆ. ಆಮೇಲೆ ಅಳಿಯಂದಿರು ಪ್ರೆಸ್ಸಿನಿಂದ ಮಿಕ್ಕಿದ ಮದುವೆ ಕಾರ್ಡು ತಂದು ಓದಿಸಲು ನೋಡಿದರು. ಗಣಪತಿಯ ಚಿತ್ರ ಇದ್ದರೆ ಮಗುವಿಗೆ ಇಷ್ಟವಾಗುತ್ತದೆ ಎಂದು ಪಾಪ ಅವರ ಲೆಕ್ಕ. ಊಟದ ಹೊತ್ತಿನಲ್ಲಿ ನಾವು ಮೂವರೂ ಕೂತಿದ್ದಾಗ 'ವಿವಾಹ ಮಹೋತ್ಸವದ ಆಹ್ವಾನ ಪತ್ರಿಕೆ' ಎಂಬುದನ್ನು ತೋರಿಸಿ 'ಓದಮ್ಮ' ಅಂದರು. ಬಿಂದು ಕಾರ್ಡು ನೋಡಿದಳು, ನನ್ನ ಮುಖ ನೋಡಿದಳು, ಕಾರ್ಡನ್ನು ತಟ್ಟೆಯ ಕೆಳಗೆ ಸೇರಿಸಿ ಮುದ್ದೆ ಮುರಿದಳು. ದಿನವೆಲ್ಲ ಮೆಷಿನ್ ಸದ್ದಿನಲ್ಲಿ ನಿಂತು ಬಂದ ಮನುಷ್ಯ, ಸಿಟ್ಟು ಬರದೆ ಇರುತ್ತದೆಯೇ? ಮೊದಲನೇ ಸಲ ಮಗುವಿನ ಮೇಲೆ ಕೈ ಎತ್ತಿದರು. ಹೊಡೆಯಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡು ಎದ್ದು ಹೋದರು. ನೀನು ಅವರನ್ನು ಏನೂ ಅನ್ನಬೇಡ.

ನನ್ನ ದಾರಿ ಕಥೆಯದು. ಮುದ್ದೆ ಕದ್ದ ನರಿಯ ಕಥೆ ಹೇಳುತ್ತಾ, ನರಿಯ ಬಾಯಿಗೆ ಬಿಸಿ ಮುದ್ದೆ ಅಂಟಿಕೊಂಡು ಅದು ಬಾಯಿ ಬಿಡಲಾರದೆ ಒದ್ದಾಡುವ ಜಾಗದಲ್ಲಿ ನಿಲ್ಲಿಸಿದೆ. 'ಮುಂದಿನದು ಪುಸ್ತಕದಲ್ಲಿದೆ, ನೀನೇ ಓದಿಕೋ' ಅಂದೆ. ಅವಳು ಏನಂದಳು ಗೊತ್ತೇ? 'ಸುಳ್ಳು ತಾತ. ನಿನ್ನ ಕಥೆ ಯಾವ ಪುಸ್ತಕದಲ್ಲೂ ಇಲ್ಲ. ಬೇಕಾದ್ರೆ ಮಿಕ್ಕಿದ್ದನ್ನ ನಾನೇ ಕಟ್ಕೋತೀನಿ.' ಕಟ್ಟಿಯೂ ಬಿಟ್ಟಳು! ನರಿ ಗೋದಮ್ಮ ಟೀಚರ್ ಮನೆಗೆ ಬಂತಂತೆ, ಟೀಚರ್ ಓದು ಅಂದರಂತೆ, ನರಿ ಬಾಯಿಗೆ ಮುದ್ದೆ ಅಂಟಿದೆ ಎಂದು ಕೈಸನ್ನೆ ಮಾಡಿತಂತೆ. ಇಷ್ಟು ಚುರುಕು ಮಗು ಓದಲು ಬರದ ದಡ್ಡಿ ಎಂದು ಯಾರಾದರೂ ಅಂದರೆ ಹೇಗೆ ನಂಬಲಿ?

ಇದೆಲ್ಲಕ್ಕಿಂತ ನನ್ನನ್ನು ಕಂಗೆಡಿಸಿದ್ದು ನಿನ್ನೆಯ ಸಂಗತಿ. ಪಾಠದ ನಡುವೆ ಗೋದಮ್ಮನಿಗೆ ತಲೆನೋವು ಎಂದು ಅಂಗಡಿಯಿಂದ ಶುಂಠಿ ತರಲು ಹೋದೆ. ಬಂದಾಗ ಅವರು ನನ್ನನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಮೆಲ್ಲಗೆ, 'ಬೈರಯ್ಯನವರೇ, ನೀವು ಆ ಕಡೆ ಹೋದ್ರಲ್ಲ, ಈ ಕಡೆ ಓದಿಬಿಟ್ಟಳು. ತಪ್ಪಿಲ್ಲದೆ ಓದಿದಳು. ನಿಮ್ಮ ಚಪ್ಪಲಿ ಸದ್ದು ಕೇಳಿಸ್ತು ನೋಡಿ, ನಿಲ್ಲಿಸಿಬಿಟ್ಟಳು' ಅಂದರು. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದವರು, ಶುಂಠಿ ತೆಗೆದುಕೊಂಡು ಒಳಗೆ ಹೋದರು. ಆಯಮ್ಮ ಒಳ್ಳೆಯವರು, ನೋಯಿಸುವ ಮಾತು ಅವರ ಬಾಯಿಗೆ ಬರುವುದಿಲ್ಲ. ಆದರೆ ನನಗೆ ಅರ್ಥವಾಗುವುದು ಬೇಡವೇ? ನಾನೇನು ಮಗುವಿಗೆ ದೆವ್ವವೇ? ನನ್ನ ಪಕ್ಕದಲ್ಲೇ ಮಲಗುತ್ತಾಳೆ, ನನ್ನ ಕೈಯಲ್ಲೇ ಜಡೆ ಹಾಕಿಸಿಕೊಳ್ಳುತ್ತಾಳೆ. ಜಡೆ ವಕ್ರವಾಗುತ್ತದೆ, ಆದರೂ ಬೇರೆಯವರ ಹತ್ತಿರ ಹೋಗುವುದಿಲ್ಲ. ಓದುವಾಗ ಮಾತ್ರ ನಾನು ಯಾಕೆ ಬೇಡ? ಹಾಗಾದರೆ ಅವಳಿಗೆ ಬೇಕಿರುವುದು ನೀನೇ ಇರಬೇಕು, ಹೆಡ್ ಮಿಸ್ ಹೇಳಿದ್ದೇ ಸರಿ ಇರಬೇಕು, ತಾತನ ಕೈಯಲ್ಲಿ ಬೆಳೆಯುವ ವಯಸ್ಸು ದಾಟಿತೇನೋ ಎಂದು ಮನಸ್ಸು ಒಂದು ಕಡೆ ವಾಲುತ್ತದೆ. ನೀನು ಆ ಓದಿಗೆ ಪಟ್ಟ ಪಾಡು ನೆನಪಾದರೆ ಇನ್ನೊಂದು ಕಡೆ ವಾಲುತ್ತದೆ. ಕಥೆಯಲ್ಲಾದರೆ ಇಂಥ ಜಾಗದಲ್ಲಿ ಒಬ್ಬಳು ಮುದುಕಿ ಬಂದು ದಾರಿ ಹೇಳಿ ಹೋಗುತ್ತಾಳೆ. ಈ ರಸ್ತೆಯಲ್ಲಿ ಬರುವ ಮುದುಕಿಯರೆಲ್ಲ ಸೊಪ್ಪಿನ ಬೆಲೆ ಹೇಳಿ ಹೋಗುತ್ತಾರೆ.

ಹೇಳಲು ತಿಳಿಯುತ್ತಿಲ್ಲ ಮಗಳೇ. ನೀನೇ ಯೋಚಿಸು. ಬರುವುದೇ ಸರಿ ಅನ್ನಿಸಿದರೆ ಬಂದುಬಿಡು, ಅಪ್ಪ ಬೇಡ ಅಂದ ಎಂದು ಅಲ್ಲಿ ಕೂತು ಅಳಬೇಡ. ನಿನ್ನ ರೂಮಿನಲ್ಲಿ ಜೊತೆಗಿರುವ ಹುಡುಗಿಯರಿಗೆಲ್ಲ ಈ ಮುದುಕನ ನಮಸ್ಕಾರ ಹೇಳು. ಶಿವರಾತ್ರಿಗೆ ಉಪವಾಸ ಎಂದು ಹೊಟ್ಟೆ ಕಾಯಿಸಬೇಡ, ಹಣ್ಣಾದರೂ ತಿನ್ನು. ನೀನು ಹೋದ ಕಡೆಯಲ್ಲೆಲ್ಲ ನಿನಗೆ ಒಳ್ಳೆಯದೇ ಎದುರಾಗಲಿ.

ನಿನ್ನ ಅಪ್ಪ,
ಬೈರಯ್ಯ

ತಾ.ಕ.: ಪೋಸ್ಟ್ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಮೇಲೆ ಬರೆದಿರುವುದನ್ನೆಲ್ಲ ಬಿಡು. ನೀನು ಬರಬೇಡ. ಟ್ರೈನಿಂಗ್ ಮುಗಿಸು.

ಲಕೋಟೆ ಅಂಟಿಸುತ್ತಿದ್ದಾಗ ಬಿಂದು ಬಂದು 'ಅಮ್ಮಂಗೆ ನನ್ನ ಮೇಲೆ ಚಾಡಿ ಬರ್ದಿದೀಯಾ? ಓದು ನೋಡೋಣ' ಅಂದಳು. ಮುಚ್ಚಿಡುವುದೇನು ಎಂದು ಓದತೊಡಗಿದೆ. ಹೆಗಲ ಮೇಲಿಂದ ಬಗ್ಗಿ ಸಾಲಿನ ಮೇಲೆ ಬೆರಳಾಡಿಸುತ್ತಾ ಕೇಳುತ್ತಿದ್ದಳು. ಹಕ್ಕಿಯ ಪಾಠಕ್ಕೆ ಬಂದಾಗ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. 'ತಾತ, ನೀನು ಬರ್ದಿರೋದೊಂದು, ಓದ್ತಿರೋದೊಂದು' ಅಂದಳು. 'ನನ್ನ ಅಕ್ಷರ ನಂಗೆ ಗೊತ್ತಿಲ್ವೇನೇ?' ಅಂದೆ. ಆಗ ಮನೆಯಲ್ಲಿ ನಾವಿಬ್ಬರೇ ಇದ್ದರೂ ಗುಟ್ಟಾಗಿ ಕಿವಿಯಲ್ಲಿ ಹೇಳಿದಳು. ನಾನು ಹಕ್ಕಿ ಎಂದು ಬರೆದು ಅಕ್ಕಿ ಎಂದು ಓದುತ್ತೇನಂತೆ. ಹಾಲಿಗೆ ಆಲು ಅನ್ನುತ್ತೇನಂತೆ, ಹಲಸಿಗೆ ಅಲಸು. ಅವಳೂ ನನ್ನಿಂದ ಕಲಿತು ಹಾಗೇ ಅನ್ನುತ್ತಿದ್ದಳಂತೆ. ಮಕ್ಕಳು ಅವತ್ತು ನಕ್ಕಿದ್ದು ಅದಕ್ಕಂತೆ. 'ನಿನ್ನ ಥರ ಓದಿದ್ರೆ ನನ್ನ ನೋಡಿ ನಗ್ತಾರೆ. ಮಿಸ್ ಥರ ಓದಿದ್ರೆ "ನಿಮ್ಮ ತಾತಂಗೂ ಹೇಳ್ಕೊಡೇ" ಅಂತ ನಿನ್ನ ನೋಡಿ ನಗ್ತಾರೆ. ಅದಕ್ಕೇ ಓದಲ್ಲ' ಅಂದಳು.

ಆಫೀಸಿನಲ್ಲಿ ಅಟೆಂಡರ್ ಆಗಿದ್ದಷ್ಟು ವರ್ಷವೂ ಲಕೋಟೆಗಳ ಮೇಲೆ ವಿಳಾಸ ಬರೆದವನು ನಾನು. ಒಂದು ಅಕ್ಷರ ತಪ್ಪಿಲ್ಲ. ಬಾಯಲ್ಲಿ ಅದು ಹೀಗೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಬಿಂದುಗೆ 'ನೀನು ಟೀಚರ್ ಹೇಳಿದ ಹಾಗೇ ಓದು, ಯಾರು ನಕ್ಕರೂ ನನಗೇನೂ ಆಗಲ್ಲ' ಅಂದೆ. 'ನಿಜವಾಗ್ಲೂ?' ಎಂದು ಮೂರ್ನಾಲ್ಕು ಸಲ ಕೇಳಿ, ಈ ಕಾಗದವನ್ನು ತಾನೇ ಕಿತ್ತುಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಬಾಯಿ ಮುಚ್ಚಿ ಕೂತಷ್ಟು ದಿನವೂ ಮನಸ್ಸಿನಲ್ಲೇ ಓದುತ್ತಿದ್ದಳೋ ಏನೋ, ಒಂದೆರಡು ಕಡೆ ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ. ಎಷ್ಟು ಚೆನ್ನಾಗಿ ಓದಿದಳು ಗೊತ್ತೇ! ಆಮೇಲೆ ನನಗೂ ಹೇಳಿಕೊಡಲು ಕೂತಳು. ಉಸಿರು ಬಿಟ್ಟು ಬಿಟ್ಟು ಅಭ್ಯಾಸ ಮಾಡಿದೆ. ಅದೇ ಭರದಲ್ಲಿ 'ಹನ್ನ ಉಣ್ತೀಯಾ' ಅಂದೆನಂತೆ, ನೆಲಕ್ಕೆ ಬಿದ್ದು ನಕ್ಕಳು.

ಒಂದು ಮಾತು ಕೇಳುತ್ತೇನೆ ಜ್ಯೋತಿ, ಮುಚ್ಚಿಡದೆ ಬರೆ. ಬಿಂದು ಹೇಳುತ್ತಾಳೆ, 'ಅಮ್ಮ ಆಸ್ಪತ್ರೆಯವರ ಹತ್ರ ಮಿಸ್ ಥರ ಮಾತಾಡ್ತಾಳೆ, ನಿನ್ನ ಹತ್ರ ಮಾತ್ರ ನಿನ್ನ ಥರ ಮಾತಾಡ್ತಾಳೆ' ಎಂದು. ನಿಜವೇ? ನಿನ್ನನ್ನೂ ನೋಡಿ ಯಾರಾದರೂ ನಕ್ಕಿದ್ದರೇ? ನೀನು ಯಾವಾಗ ಕಲಿತೆ? ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ದಿನಾ ನನಗಾಗಿ ಮಾತು ಬದಲಿಸಿಕೊಳ್ಳುತ್ತಿದ್ದೆಯಾ? ಯುಗಾದಿಗೆ ಬಂದಾಗ ನನ್ನ ಮುಂದೆ ಕೂತು ಎರಡು ಥರವೂ ಹೇಳು, ನಿಧಾನವಾಗಿ ಹೇಳು. ಬಿಂದು ಆಗಿನಿಂದ ಹೇಳಿ ಹೇಳಿ ಸೋತಿದ್ದಾಳೆ. ನನ್ನ ಕಿವಿಗೆ ಎರಡೂ ಇನ್ನೂ ಒಂದೇ ಥರ ಕೇಳಿಸುತ್ತಿವೆ.